ತೆರೆದ ಮಾರುಕಟ್ಟೆ, ಬಿಟ್ಟ ಸಾಲಿ

ಮುಂಬೈ ಕಡೆಯಿಂದ ಹಾಕುತ್ತ ಬಂದ ರೈಲು ಹಳಿಯೂ ಮದ್ರಾಸಿನ ಕಡೆಯಿಂದ ಬಂದ ಹಳಿಯೂ ರಾಯಚೂರಿನಲ್ಲಿ ಕೂಡಿದ್ದು 1871ರಲ್ಲಿ. ಅಂದಿನಿಂದ ಯಾದಗಿರಿ ಎರಡು ದೊಡ್ಡ ಬಂದರುಗಳ ನಡುವಿನ ಮುಖ್ಯ ಮಾರ್ಗದ ಮೇಲೆಯೇ ಇದೆ. ಮಂಗಳೂರಿಗೆ ರೈಲು ಬರಲು ಆಗ ಇನ್ನೂ 36 ವರ್ಷ ಬಾಕಿ; ಮೈಸೂರು, ಹುಬ್ಬಳ್ಳಿಗಳಿಗೂ ಉಗಿಬಂಡಿಯ ಸದ್ದು ಕೇಳಿಸಿರಲಿಲ್ಲ. ಅದಕ್ಕೂ ಹತ್ತು ವರ್ಷ ಹಿಂದೆ, ಅಮೆರಿಕದ ಅಂತರ್ಯುದ್ಧದಿಂದಾಗಿ ಲ್ಯಾಂಕಾಶೈರಿನ ಗಿರಣಿಗಳಿಗೆ ಹತ್ತಿ ಬರುವುದು ನಿಂತಾಗ, ಮುಂಬೈ ಬಂದರಿನ ಬೆನ್ನಿಗಿರುವ ಕರಿನೆಲದ ಬೆಳೆಗೆ ಎಲ್ಲಿಲ್ಲದ ಬೆಲೆ ಬಂದಿತ್ತು. ಜಾಗತೀಕರಣ 1991ರಲ್ಲಿ ಶುರುವಾಯಿತು ಎನ್ನುವುದು ಬೆಂಗಳೂರಿನವರ ಪಂಚಾಂಗ. ಸುರಪುರ, ಶಹಾಪುರ ಸೀಮೆಯ ಎರೆಹೊಲಗಳಿಗೆ ಹೊರಗಿನ ಮಾರುಕಟ್ಟೆಯ ಗಾಳಿ ತಾಗಿ ನೂರೈವತ್ತು ವರ್ಷ ದಾಟಿದೆ.

ಆ ನೂರೈವತ್ತು ವರ್ಷದ ಗಳಿಕೆ ಏನೆಂದು ನೋಡಿದರೆ ಲೆಕ್ಕ ತಾಳೆಯಾಗುವುದಿಲ್ಲ. 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇ 51.83. ರಾಜ್ಯದಲ್ಲೇ ಕೊನೆಯ ಸ್ಥಾನ. ಹೆಂಗಸರಲ್ಲಿ ಶೇ 41.38. ಅದೇ ವರ್ಷ ರಾಜ್ಯದ ಸರಾಸರಿ ಶೇ 75.36 ಇತ್ತು. ಇನ್ನೊಂದು ಅಂಕಿಯನ್ನು ಇದರ ಪಕ್ಕಕ್ಕಿಡಬೇಕು: ಮನಮೋಹನ ಸಿಂಗ್ ಅವರು ಆರ್ಥಿಕ ಸುಧಾರಣೆಯ ಬಜೆಟ್ ಮಂಡಿಸಿದ 1991ರಲ್ಲಿ ಇಡೀ ಭಾರತದ ಸಾಕ್ಷರತೆ ಶೇ 52.21. ಅಂದರೆ ದೇಶ ಎಲ್ಲಿ ನಿಂತು ಹೊರಜಗತ್ತಿಗೆ ಬಾಗಿಲು ತೆರೆಯಿತೋ, ಇಪ್ಪತ್ತು ವರ್ಷ ಕಳೆದ ಮೇಲೂ ಯಾದಗಿರಿ ಅಲ್ಲಿಗೆ ಮುಟ್ಟಿರಲಿಲ್ಲ.

ಸುರಪುರ ತಾಲ್ಲೂಕಿನ ದೇವಾಪುರವನ್ನೇ ತೆಗೆದುಕೊಳ್ಳಿ. ಜೈಮಿನಿ ಭಾರತದ ಲಕ್ಷ್ಮೀಶ ಹೇಳುವ ದೇವಪುರ ಇದೋ, ಕಡೂರು ಕಡೆಯ ದೇವನೂರೋ ಎಂಬ ಜಗಳ ಪಂಡಿತರಲ್ಲಿ ಇನ್ನೂ ಮುಗಿದಿಲ್ಲ. ಯಾರು ಗೆದ್ದರೂ ಸರಿ, ಕವಿ ನಮ್ಮವನೆಂದು ಹೆಮ್ಮೆಪಡುವ ಜಿಲ್ಲೆಯಲ್ಲಿ ಆ ಗಣತಿಯ ಹೊತ್ತಿಗೆ ಹತ್ತು ಹೆಂಗಸರಲ್ಲಿ ಆರು ಮಂದಿ ಅವನ ಒಂದು ಸಾಲನ್ನೂ ಓದಲಾರದವರಾಗಿದ್ದರು. ಇದಕ್ಕೆ ನಮ್ಮಲ್ಲಿ ಸಿದ್ಧ ಉತ್ತರವೊಂದಿದೆ. ಕೈಗಾರಿಕಾ ಸಮಾವೇಶಗಳ ವೇದಿಕೆಯಿಂದ ಹಿಡಿದು ಪತ್ರಿಕೆಗಳ ವಾಣಿಜ್ಯ ಪುಟದವರೆಗೆ ಅದನ್ನು ಕೇಳಬಹುದು: ರಸ್ತೆ ಮಾಡಿ, ನೀರು ಕೊಡಿ, ಕಾರ್ಖಾನೆಗೆ ಜಾಗ ಕೊಡಿ, ಮಾರುಕಟ್ಟೆಯನ್ನು ಮುಕ್ತವಾಗಿಡಿ, ಹಣ ಹರಿದು ಬರುತ್ತದೆ, ಹಣ ಬಂದ ಮೇಲೆ ಜನ ತಾವಾಗಿಯೇ ಮಕ್ಕಳನ್ನು ಓದಿಸುತ್ತಾರೆ. ಮೊದಲು ವ್ಯಾಪಾರ, ಆಮೇಲೆ ವಿದ್ಯೆ.

ಈ ಮಾತು ಪೂರ್ತಿ ಸುಳ್ಳಲ್ಲ, ಅದಕ್ಕೇ ಅದು ಇಷ್ಟು ಕಾಲ ಬಾಳಿದೆ. ವ್ಯಾಪಾರದಿಂದ ಮೇಲೆದ್ದ ದೇಶಗಳು ಕಣ್ಣೆದುರಿಗಿವೆ. ಮಾತೆತ್ತಿದರೆ ದಕ್ಷಿಣ ಕೊರಿಯಾದ ಹೆಸರು ಬರುತ್ತದೆ. ಆದರೆ ಕೊರಿಯಾದ ಕಥೆಯನ್ನು ನಡುವಿನಿಂದ ಹೇಳುವುದೇ ನಮ್ಮ ವಾಡಿಕೆ. ಜಪಾನಿನ ಆಳ್ವಿಕೆ ಮುಗಿದ 1945ರಲ್ಲಿ ಅಲ್ಲಿ ಐವರಲ್ಲಿ ಒಬ್ಬರಿಗಷ್ಟೇ ಅಕ್ಷರ ಬರುತ್ತಿತ್ತು. ರಫ್ತಿನ ಓಟ ಆರಂಭವಾದದ್ದು 1960ರ ದಶಕದಲ್ಲಿ. ನಡುವಿನ ಹದಿನೈದು ವರ್ಷದಲ್ಲಿ, ಯುದ್ಧವೊಂದರಲ್ಲಿ ದೇಶವೇ ಸುಟ್ಟುಹೋಗಿದ್ದರೂ, ಅವರು ಭೂಮಿ ಹಂಚಿದರು, ಹೆಚ್ಚುಕಡಿಮೆ ಪ್ರತಿ ಮಗುವನ್ನೂ ಪ್ರಾಥಮಿಕ ಶಾಲೆಯಲ್ಲಿ ಕೂರಿಸಿದರು. ಸೋಲ್‌ನ ಹೊಲಿಗೆ ಕಾರ್ಖಾನೆಗೆ ಸೇರಿದ ಹುಡುಗಿಗೆ ಓದು ಬರಹ ಮೊದಲೇ ಬರುತ್ತಿತ್ತು. ವ್ಯಾಪಾರ ಅವಳಿಗೆ ವಿದ್ಯೆ ಕೊಡಲಿಲ್ಲ, ಇದ್ದ ವಿದ್ಯೆಗೆ ಬೆಲೆ ಕೊಟ್ಟಿತು.

ನಮ್ಮ ರಾಜ್ಯದೊಳಗೂ ಸಾಕ್ಷಿಗೆ ಬರವಿಲ್ಲ. ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲಿ ಬೆಂಗಳೂರಿಗೆ ಬಂದಾಗ ಅಲ್ಲಿ 1909ರಿಂದ ವಿಜ್ಞಾನ ಸಂಸ್ಥೆ ಇತ್ತು, ಎಚ್‌ಎಎಲ್, ಐಟಿಐ, ಬಿಇಎಲ್‌ಗಳಲ್ಲಿ ಪಳಗಿದ ಎರಡು ತಲೆಮಾರಿನ ಎಂಜಿನಿಯರುಗಳಿದ್ದರು. ಮಂಗಳೂರಿಗೆ ಸಮುದ್ರದ ವ್ಯಾಪಾರ ಹೊಸದಲ್ಲ. ಆದರೆ 1834ರಲ್ಲಿ ಬಂದ ಬಾಸೆಲ್ ಮಿಷನ್ ಶಾಲೆ, ಅಚ್ಚುಕೂಟ ತೆರೆದು ಬಹುಕಾಲವಾದ ಮೇಲೆ, 1860ರ ದಶಕದಲ್ಲಿ, ಹೆಂಚಿನ ಕಾರ್ಖಾನೆ ಹಾಕಿತು. ನಿಜಾಮನ ಕೈಗೆ 1860ರಲ್ಲಿ ಸೇರಿದ ಸುರಪುರಕ್ಕೆ ಇಂಥ ಅದೃಷ್ಟ ಇರಲಿಲ್ಲ. ಆಡಳಿತ ಉರ್ದುವಿನಲ್ಲಿ, ಉನ್ನತ ಶಿಕ್ಷಣ ಉರ್ದುವಿನಲ್ಲಿ. ಕನ್ನಡದ ಮಗುವಿಗೆ ಕಲಬುರಗಿಯ ನೂತನ ವಿದ್ಯಾಲಯ, ರಾಯಚೂರಿನಲ್ಲಿ ಪಂಡಿತ ತಾರಾನಾಥರು ಕಟ್ಟಿದ ಹಮ್‌ದರ್ದ್ ಶಾಲೆಯಂಥ ಕೆಲವೇ ಆಸರೆಗಳು. ರೈಲು ಹತ್ತಿಯನ್ನು ಹೊತ್ತೊಯ್ಯಿತು, ಬಟ್ಟೆಯನ್ನು ತಂದಿಳಿಸಿತು. ಶಾಲೆ ಅದರ ಸರಕಿನ ಪಟ್ಟಿಯಲ್ಲಿರಲಿಲ್ಲ.

ಇಷ್ಟನ್ನೇ ಹೇಳಿ ನಿಲ್ಲಿಸಿದರೆ ವಾದ ಅರ್ಧವಾಗುತ್ತದೆ. ವಿದ್ಯೆ ಮೊದಲು ಬರಬೇಕಿತ್ತು, ಬರಲಿಲ್ಲ, ಈಗಲಾದರೂ ವ್ಯಾಪಾರದ ಹಿಂದೆ ನಿಧಾನಕ್ಕೆ ಬರಲಿ ಎಂದು ಸಮಾಧಾನ ಹೇಳಿಕೊಳ್ಳಬಹುದು. ಆದರೆ ನಾನು ಹೇಳಹೊರಟಿರುವುದು ಇದಕ್ಕಿಂತ ಕಹಿಯಾದದ್ದು. ಓದು ಬರಹವಿಲ್ಲದ ಸೀಮೆಗೆ ಮಾರುಕಟ್ಟೆ ಬಂದರೆ ಅದು ಶಾಲೆಯನ್ನು ತರುವುದಿಲ್ಲ ಅಷ್ಟೇ ಅಲ್ಲ, ಇದ್ದ ಶಾಲೆಯಿಂದಲೂ ಮಗುವನ್ನು ಎಬ್ಬಿಸಿಕೊಂಡು ಹೋಗುತ್ತದೆ. ಅದು ಹೇಗೆಂದು ತಿಳಿಯಲು ಹತ್ತಿ ಹೊಲಕ್ಕೆ ಇಳಿಯಬೇಕು.

ಅಕ್ಟೋಬರ್ ಕೊನೆಗೆ ಕಾಯಿ ಒಡೆಯಲು ಶುರು. ಬಿಡಿಸುವವರು ನಡುವಿಗೆ ಬಟ್ಟೆ ಕಟ್ಟಿ ಉಡಿ ಮಾಡಿಕೊಂಡು ಸಾಲು ಹಿಡಿಯುತ್ತಾರೆ. ಒಣಗಿದ ಕಾಯಿಯ ತುದಿ ಮುಳ್ಳಿನಂತೆ ಚುಚ್ಚುತ್ತದೆ. ವಾರ ಕಳೆಯುವುದರೊಳಗೆ ಉಗುರಿನ ಬುಡವೆಲ್ಲ ಗೀರು. ಇಬ್ಬನಿ ಆರುವ ಮುಂಚೆ ಬಿಡಿಸಿದರೆ ಅರಳೆಯಲ್ಲಿ ತೇವ ನಿಲ್ಲುತ್ತದೆ, ಬಿಸಿಲೇರಿದ ಮೇಲೆ ಬಿಡಿಸಿದರೆ ಒಣ ಎಲೆ ಪುಡಿಯಾಗಿ ಅಂಟಿಕೊಳ್ಳುತ್ತದೆ. ಮೊದಲ ಬಿಡಿಯ ಹತ್ತಿಗೆ ಕಡೆಯ ಬಿಡಿಯ ಹತ್ತಿ ಬೆರೆಸಬಾರದು. ತಲೆಗೂದಲು ಬೀಳದಂತೆ ಬಟ್ಟೆ ಕಟ್ಟಿಕೊಳ್ಳಬೇಕು. ಗೊಬ್ಬರದ ಪ್ಲಾಸ್ಟಿಕ್ ಚೀಲದಲ್ಲಿ ತುಂಬಲೇಬಾರದು. ಯಾಕೆಂದರೆ ಆ ಚೀಲದ ಒಂದು ಎಳೆ ಹತ್ತಿಯೊಳಗೆ ಸೇರಿ, ಜಿನ್ ದಾಟಿ, ನೂಲಾಗಿ, ಬಟ್ಟೆಯಾದರೂ ಯಾರ ಕಣ್ಣಿಗೂ ಬೀಳುವುದಿಲ್ಲ. ಬಣ್ಣದ ತೊಟ್ಟಿಯಿಂದ ಎತ್ತಿದಾಗ ಮಾತ್ರ ಬಣ್ಣ ಹೀರದ ಬಿಳಿ ಗೆರೆಯಾಗಿ ಕಾಣಿಸಿಕೊಳ್ಳುತ್ತದೆ. ಆಗ ಇಡೀ ಥಾನು ತಳ್ಳಿಹೋಗುತ್ತದೆ. ಭಾರತದ ಹತ್ತಿಗೆ ಹೊರದೇಶದ ಗಿರಣಿಗಳು ಬೆಲೆ ಮುರಿದು ಕೇಳುವುದಕ್ಕೆ ಹಳೆಯ ಕಾರಣ ಈ ಕಲಬೆರಕೆಯೇ. ಕೇಂದ್ರ ಸರ್ಕಾರ ‘ಕಸ್ತೂರಿ ಕಾಟನ್ ಭಾರತ್’ ಎಂಬ ಬ್ರ್ಯಾಂಡ್ ಕಟ್ಟಲು ಹೊರಟಿರುವುದೂ ಈ ಕಳಂಕ ತೊಳೆಯಲಿಕ್ಕೆ.

ಹಾಗಾದರೆ ದೇಶದ ಜವಳಿ ರಫ್ತಿನ ಸ್ಪರ್ಧಾಶಕ್ತಿ ಯಾರ ಕೈಯಲ್ಲಿದೆ? ಸುರಪುರ ತಾಲ್ಲೂಕಿನ ಯಾವುದೋ ಹೊಲದಲ್ಲಿ ಬಾಗಿರುವ ಒಬ್ಬ ಹೆಣ್ಣುಮಗಳ ಬೆರಳಲ್ಲಿ. ಅವಳಿಗೆ ಕೂಲಿ ಕೆಜಿ ಲೆಕ್ಕ. ಶುಚಿಯಾಗಿ ಬಿಡಿಸಿದರೆ ತೂಕ ಕಡಿಮೆ, ತೂಕ ಕಡಿಮೆಯಾದರೆ ಕೂಲಿ ಕಡಿಮೆ. ಎಲೆಚೂರು, ತೇವ ಎರಡೂ ತಕ್ಕಡಿಯಲ್ಲಿ ಅವಳ ಪರವಾಗಿಯೇ ಕೂರುತ್ತವೆ. ಒಳ್ಳೆಯ ಬಿಡಿಗೆ ಹೆಚ್ಚು ಕೊಡುವವರಿಲ್ಲ, ಕಲಿಸುವವರೂ ಇಲ್ಲ. ಅರ್ಥಶಾಸ್ತ್ರಜ್ಞರು ಮಾನವ ಬಂಡವಾಳ ಎಂದಾಗ ನಮಗೆ ನೆನಪಾಗುವುದು ಎಂಜಿನಿಯರಿಂಗ್ ಪದವಿ. ಈ ಬೆರಳಿನ ತಿಳಿವಳಿಕೆ ಬಂಡವಾಳವೆಂದು ಯಾರ ಲೆಕ್ಕಕ್ಕೂ ಬಂದಿಲ್ಲ.

ಹೊಲದಿಂದ ಮಾರುಕಟ್ಟೆಗೆ ಬಂದರೆ ಅಲ್ಲಿ ಇನ್ನೊಂದು ಪರೀಕ್ಷೆ. 2025–26ಕ್ಕೆ ಮಧ್ಯಮ ಎಳೆಯ ಹತ್ತಿಗೆ ಕ್ವಿಂಟಲಿಗೆ 7,710 ರೂಪಾಯಿ, ಉದ್ದ ಎಳೆಗೆ 8,110 ರೂಪಾಯಿ ಬೆಂಬಲ ಬೆಲೆ. ಈ 400 ರೂಪಾಯಿ ಅಂತರವನ್ನು ತೀರ್ಮಾನಿಸುವುದು ಮಿಲಿಮೀಟರಿನಲ್ಲಿ ಅಳೆಯುವ ಎಳೆಯ ಉದ್ದ ಮತ್ತು ಮೈಕ್ರೊನೇರ್ ಎಂಬ ಅಳತೆ. ಭಾರತೀಯ ಹತ್ತಿ ನಿಗಮಕ್ಕೆ ಮಾರುವಾಗ ತೇವಾಂಶ ಶೇ 8ರೊಳಗಿದ್ದರೆ ಪೂರ್ತಿ ಬೆಲೆ, ಮೇಲೇರಿದಂತೆ ಕಡಿತ, ಶೇ 12 ದಾಟಿದರೆ ಚೀಲ ವಾಪಸ್. ಬೆಳೆದವನ ಕೈಯಲ್ಲಿ ಇವನ್ನು ಅಳೆಯುವ ಸಾಧನವಿಲ್ಲ, ಅಳೆದವರು ತೋರಿಸಿದ ಅಂಕಿಯನ್ನು ಓದುವ ಧೈರ್ಯವೂ ಹಲವರಿಗಿಲ್ಲ. ಊರಿಗೇ ಬಂದು ಕೊಳ್ಳುವ ವ್ಯಾಪಾರಿ ಎರಡು ಹೆಬ್ಬೆರಳ ನಡುವೆ ಒಂದು ಎಳೆ ಹಿಗ್ಗಿಸಿ ನೋಡಿ ಬೆಲೆ ಹೇಳುತ್ತಾನೆ, ಆಮೇಲೆ ಸೂಟು ಎಂದು ತೂಕದಲ್ಲಿ ಮುರಿಯುತ್ತಾನೆ, ಮೊದಲೇ ಬೀಜಕ್ಕೆ ಗೊಬ್ಬರಕ್ಕೆ ಕೊಟ್ಟ ಮುಂಗಡವನ್ನೂ ಬಡ್ಡಿಯನ್ನೂ ಅದರಲ್ಲೇ ಹಿಡಿದುಕೊಳ್ಳುತ್ತಾನೆ. 2025ರ ಹಂಗಾಮಿನಿಂದ ನಿಗಮಕ್ಕೆ ಮಾರಬೇಕೆಂದರೆ ‘ಕಪಾಸ್ ಕಿಸಾನ್’ ಆ್ಯಪ್‌ನಲ್ಲಿ ಹೆಸರು ನೋಂದಾಯಿಸಬೇಕು. ದಲ್ಲಾಳಿಯನ್ನು ತಪ್ಪಿಸುವ ಉದ್ದೇಶ ಒಳ್ಳೆಯದೇ. ಓಟಿಪಿ ಓದಲು ಪಕ್ಕದ ಮನೆಯ ಹುಡುಗನನ್ನು ಕರೆಯಬೇಕಾದ ಮನೆಗಳಲ್ಲಿ ಹಳೆಯ ದಲ್ಲಾಳಿ ಹೋಗಿ ಹೊಸ ದಲ್ಲಾಳಿ ಬರುತ್ತಾನೆ.

ಮುಕ್ತ ಮಾರುಕಟ್ಟೆ ಎಂದರೆ ಇಬ್ಬರೂ ಸಮನಾಗಿ ನಿಂತು ಬೆಲೆ ಮಾತಾಡುವ ಜಾಗ ಎಂದು ಪಠ್ಯಪುಸ್ತಕ ಹೇಳುತ್ತದೆ. ಅಳತೆ ಒಬ್ಬನಿಗಷ್ಟೇ ಗೊತ್ತಿರುವ ಜಾಗಕ್ಕೆ ಆ ಹೆಸರು ಒಪ್ಪುವುದಿಲ್ಲ.

ಈಗ ಸಾಲಿಯ ಮಾತು. ಹತ್ತಿ ಬಿಡಿಸುವ ಕೆಲಸ ಅಕ್ಟೋಬರ್ ಕೊನೆಯಿಂದ ಜನವರಿಯವರೆಗೆ, ಕೆಲವು ಕಡೆ ಫೆಬ್ರುವರಿಯವರೆಗೂ. ಶಾಲೆಯಲ್ಲಿ ಪಾಠ ಮುಗಿದು ಪುನರಾವರ್ತನೆ ನಡೆಯಬೇಕಾದ ತಿಂಗಳುಗಳೂ ಅವೇ. ಗಿಡದ ಎತ್ತರ ಮಕ್ಕಳ ಎತ್ತರಕ್ಕೆ ಸರಿಯಾಗಿದೆ, ಬೆರಳು ಸಣ್ಣದು, ಕೂಲಿ ಅಗ್ಗ. ದೊಡ್ಡವರು ಬೆಂಗಳೂರು, ಪುಣೆ, ಹೈದರಾಬಾದಿಗೆ ದುಡಿಯಲು ಹೋಗಿರುವುದರಿಂದ ಊರಲ್ಲಿ ಆಳು ಸಿಗುವುದಿಲ್ಲ. ಇದ್ದ ಮಕ್ಕಳನ್ನೇ ಟಂಟಂ ಗಾಡಿಗೆ ತುಂಬಿಕೊಂಡು ಹೋಗುವುದು ಈ ಭಾಗದಲ್ಲಿ ಪ್ರತಿ ವರ್ಷದ ಸುದ್ದಿ. ಹೊಲಕ್ಕೆ ಹೋಗದ ಹುಡುಗಿ ಮನೆಯಲ್ಲಿ ಕೂಸು ಎತ್ತಿಕೊಂಡಿರುತ್ತಾಳೆ, ಯಾಕೆಂದರೆ ಅವ್ವ ಹೊಲದಲ್ಲಿರುತ್ತಾಳೆ. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ಆದ ತಿದ್ದುಪಡಿ ಕುಟುಂಬದ ಕೆಲಸಕ್ಕೆ ಶಾಲೆಯ ಹೊತ್ತು ಬಿಟ್ಟು ನೆರವಾಗಬಹುದು ಎಂದು ಒಂದು ಸಂದಿ ಬಿಟ್ಟಿತು. ಆ ಸಂದಿಯಲ್ಲಿ ಎಷ್ಟು ಬೇಕಾದರೂ ತೂರುತ್ತದೆ.

ಯಾದಗಿರಿಯ ಮಂದಿಗೆ ಓದಿನ ಬೆಲೆ ಗೊತ್ತಿಲ್ಲ, ಅದಕ್ಕೇ ಹೀಗೆ ಎಂದು ದಕ್ಷಿಣದ ಜಿಲ್ಲೆಗಳ ಅಧಿಕಾರಿಗಳು ಚಹಾ ಕುಡಿಯುತ್ತ ಹೇಳುವುದುಂಟು. ಇದು ನಮ್ಮೊಬ್ಬರ ರೋಗವಲ್ಲ. ಮೆಕ್ಸಿಕೊದಲ್ಲಿ 1986ರಿಂದ 2000ದವರೆಗೆ ರಫ್ತು ಕಾರ್ಖಾನೆಗಳು ಎದ್ದಾಗ ಏನಾಯಿತೆಂದು ಡೇವಿಡ್ ಆಟ್ಕಿನ್ ಎಂಬ ಅರ್ಥಶಾಸ್ತ್ರಜ್ಞ ಲೆಕ್ಕ ಹಾಕಿದ್ದಾರೆ: ಹೊಸದಾಗಿ ಹುಟ್ಟಿದ ಪ್ರತಿ 25 ಕೆಲಸಕ್ಕೆ ಒಬ್ಬ ವಿದ್ಯಾರ್ಥಿ, ಹನ್ನೆರಡರವರೆಗೆ ಓದಬೇಕಾದವನು, ಒಂಬತ್ತಕ್ಕೇ ಶಾಲೆ ಬಿಟ್ಟ. ಕೆಲಸ ಬಂತು, ಆದರೆ ಅದು ಓದು ಬೇಡದ ಕೆಲಸ. ಹದಿನಾರರ ಹುಡುಗನಿಗೆ ನಾಳೆಯ ಸಂಬಳ ಕಾಣುತ್ತದೆ, ಹತ್ತು ವರ್ಷದ ಮೇಲಿನ ನಷ್ಟ ಕಾಣುವುದಿಲ್ಲ. ಇದಕ್ಕೆ ತಿರುಗುಮುರುಗಾದ ಅಧ್ಯಯನ ನಮ್ಮ ದೇಶದ್ದೇ ಇದೆ. 1991ರ ನಂತರ ಆಮದು ಸುಂಕ ಇಳಿಸಿದಾಗ ಯಾವ ಗ್ರಾಮೀಣ ಜಿಲ್ಲೆಗಳ ಕಸುಬುಗಳು ಹೆಚ್ಚು ರಕ್ಷಣೆ ಕಳೆದುಕೊಂಡವೋ, ಅಲ್ಲಿ ಶಾಲೆಗೆ ಹೋಗುವ ಮಕ್ಕಳ ಏರಿಕೆ ಬೇರೆಡೆಗಿಂತ ನಿಧಾನವಾಯಿತು ಎಂದು ಎಡ್ಮಂಡ್ಸ್, ಪಾವ್ಚ್‌ನಿಕ್ ಮತ್ತು ತೊಪಲೋವಾ ತೋರಿಸಿದರು. ಆದಾಯ ಕುಸಿದ ಮನೆ ಮೊದಲು ಕಡಿತ ಮಾಡುವುದು ಶಾಲೆಯ ಖರ್ಚನ್ನು. ಅಂದಮೇಲೆ ಮಾರುಕಟ್ಟೆ ಏರಿದರೂ ಇಳಿದರೂ ಬೆಂಚು ಖಾಲಿಯಾಗುವುದು ಅದೇ ಮಗುವಿನದು. ಬೆಲೆ ಬಂದ ವರ್ಷ ಬಿಡಿಸಲು ಕೈ ಬೇಕು, ಬೆಲೆ ಬಿದ್ದ ವರ್ಷ ಗುಳೆ ಹೋಗಲು ಜೊತೆ ಬೇಕು.

ನಾವು ಈ ಸೀಮೆಯ ಸ್ಪರ್ಧಾಶಕ್ತಿ ಎಂದು ಹೊಗಳುವುದು ನಿಜಕ್ಕೂ ಏನು? ಅಗ್ಗದ ಕೂಲಿ. ಹತ್ತಿ ಹೊಲಕ್ಕೂ ಅದೇ, ಬೆಂಗಳೂರಿನ ಅಪಾರ್ಟ್‌ಮೆಂಟಿನ ಕಬ್ಬಿಣ ಕಟ್ಟುವ ಕೆಲಸಕ್ಕೂ ಅದೇ. ಕೂಲಿ ಅಗ್ಗವಾಗಿರಬೇಕೆಂದರೆ ಓದದ ಜನ ಬೇಕು. ಮೇಸ್ತ್ರಿಯ ಮುಂಗಡವೂ ವ್ಯಾಪಾರಿಯ ಮುಂಗಡವೂ ಓದದ ಮನೆಯನ್ನೇ ಹುಡುಕಿಕೊಂಡು ಬರುತ್ತವೆ. ಬೀಜಕ್ಕೆಂದು ಎತ್ತಿಟ್ಟ ಕಾಳನ್ನೇ ಮಾರಿ ಸಂತೆ ಮಾಡಿದ ಹಾಗಿದೆ ಈ ವ್ಯಾಪಾರ.

ಇಷ್ಟು ಓದಿದವರಲ್ಲಿ ಒಂದು ಪಂಗಡ ಖುಷಿಪಟ್ಟಿರಬಹುದು: ನೋಡಿ, ನಾವು ಮೊದಲೇ ಹೇಳಿದ್ದೆವು, ಮುಕ್ತ ವ್ಯಾಪಾರವೇ ರೈತನ ಶತ್ರು, ಬಾಗಿಲು ಹಾಕಿ ಎಂದು. ಅವರ ಜೊತೆಗೂ ನನ್ನ ತಕರಾರಿದೆ, ಆದರೆ ಅವರ ಸಿಟ್ಟಿಗೆ ಆಧಾರವಿದೆ. ಹತ್ತಿಯ ಮೇಲಿದ್ದ ಶೇ 11ರ ಆಮದು ಸುಂಕವನ್ನು ಕೇಂದ್ರ 2025ರ ಆಗಸ್ಟ್ 19ರಂದು ತೆಗೆದುಹಾಕಿತು, ಮೊದಲು ಸೆಪ್ಟೆಂಬರ್ ಕೊನೆಯವರೆಗೆ ಎಂದಿತು, ಆಮೇಲೆ ಡಿಸೆಂಬರ್ ಕೊನೆಗೆ ಮುಂದೂಡಿತು. ಸರಿಯಾಗಿ ನಮ್ಮ ಹೊಸ ಹತ್ತಿ ಮಾರುಕಟ್ಟೆಗೆ ಬರುವ ತಿಂಗಳುಗಳು. ಅಮೆರಿಕ ತನ್ನ ಹತ್ತಿ ಬೆಳೆಗಾರರಿಗೆ ಕೊಡುವ ಸಹಾಯಧನದ ವಿರುದ್ಧ ಬ್ರೆಜಿಲ್ ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ 2002ರಿಂದ ಹೋರಾಡಿ ಗೆದ್ದದ್ದು ಇದೇ ಬೆಳೆಯ ವಿಷಯದಲ್ಲಿ. ತೊಗರಿಯ ಕಥೆಯೂ ಹೀಗೆಯೇ: 2021ರಲ್ಲಿ ಪರಿಮಾಣದ ಮಿತಿಯಿಲ್ಲದೆ ಆಮದಿಗೆ ದಾರಿ ಬಿಟ್ಟರು, ಮೊಜಾಂಬಿಕ್, ಮಲಾವಿ, ಮ್ಯಾನ್ಮಾರ್‌ಗಳಿಂದ ಬರುವ ತೊಗರಿ ಕಲಬುರಗಿ, ಯಾದಗಿರಿಯ ತೊಗರಿಗೆ ಎದುರಾಗಿ ನಿಲ್ಲುತ್ತದೆ. ಕಲಬುರಗಿ ತೊಗರಿಬೇಳೆಗೆ ಭೌಗೋಳಿಕ ಸೂಚಿಕೆಯ ಮಾನ ಬಂದಿದೆ, ಬೆಲೆಗೆ ಅದರಿಂದ ದೊಡ್ಡ ಬಲವೇನೂ ಬಂದಿಲ್ಲ.

ಭತ್ತದ ವಿಷಯದಲ್ಲಿ ಏನಾಯಿತು? ಕಾಲುವೆ ನೀರಿನಲ್ಲಿ ಸೋನಾ ಮಸೂರಿ ಬೆಳೆದವನಿಗೆ ಹೊರಗೆ ಬೆಲೆ ಸಿಗುವ ಕಾಲದಲ್ಲಿ, 2023ರ ಜುಲೈ 20ರಂದು, ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತನ್ನೇ ನಿಷೇಧಿಸಿದರು. ತೆರವಾದದ್ದು ಮರುವರ್ಷ ಸೆಪ್ಟೆಂಬರಿನಲ್ಲಿ. ಕೊಳ್ಳುವವನಿಗೆ ಅಗ್ಗವಾಗಬೇಕಾದಾಗ ಆಮದಿನ ಬಾಗಿಲು ತೆರೆಯುತ್ತದೆ, ಬೆಳೆದವನಿಗೆ ಲಾಭವಾಗುವಾಗ ರಫ್ತಿನ ಬಾಗಿಲು ಮುಚ್ಚುತ್ತದೆ. ಇದಕ್ಕೆ ಮುಕ್ತ ವ್ಯಾಪಾರ ಎಂದು ಹೆಸರಿಟ್ಟು ಹೊಗಳುವವರೂ ಬೈಯುವವರೂ ಇಬ್ಬರೂ ಒಂದೇ ತಪ್ಪು ಮಾಡುತ್ತಿದ್ದಾರೆ. ಹೊಲದವನಿಗೆ ಸಿಕ್ಕಿರುವುದು ಒಮ್ಮುಖ ರಸ್ತೆ.

ಸುಂಕ ಬೇಕು ಎಂಬ ಬೇಡಿಕೆಯನ್ನು ನಾನು ಅಲ್ಲಗಳೆಯುವುದಿಲ್ಲ; ಸುಗ್ಗಿಯಲ್ಲಾದರೂ ಇರಬೇಕು. ಆದರೆ ಶೇ 11 ಸುಂಕ ಇದ್ದ ವರ್ಷಗಳಲ್ಲೂ ತೇವಾಂಶದ ಅಂಕಿ ಓದಿದವನು ವ್ಯಾಪಾರಿಯೇ. ಸುಂಕದಿಂದ ಏರಿದ ಬೆಲೆಯಲ್ಲಿ ಎಷ್ಟು ಪಾಲು ಊರಿಗೆ ಬರುತ್ತದೆ ಎಂಬುದು ಊರಿನವರ ತಿಳಿವಳಿಕೆಯ ಮೇಲೆಯೇ ನಿಂತಿದೆ. ಬಾಗಿಲು ಹಾಕಿದ ಮಾತ್ರಕ್ಕೆ ಯಾರಿಗೂ ಅಕ್ಷರ ಬರುವುದಿಲ್ಲ.

ಕಲ್ಯಾಣ ಕರ್ನಾಟಕದಲ್ಲಿ ಇನ್ನೊಂದು ನಂಬಿಕೆ ಇದಕ್ಕಿಂತ ಗಟ್ಟಿ: ನೀರು ಬಂದರೆ ಎಲ್ಲ ಸರಿಹೋಗುತ್ತದೆ. ಲಾಲ್ ಬಹದ್ದೂರ್ ಶಾಸ್ತ್ರಿಯವರು 1964ರಲ್ಲಿ ಆಲಮಟ್ಟಿಯಲ್ಲಿ ಅಡಿಗಲ್ಲು ಇಟ್ಟ ಕೃಷ್ಣಾ ಮೇಲ್ದಂಡೆ ಯೋಜನೆಯ ನೀರು ನಾರಾಯಣಪುರ ಎಡದಂಡೆ ಕಾಲುವೆಯಲ್ಲಿ, ಶಹಾಪುರ, ಮೂಡಬಾಳ ಶಾಖೆಗಳಲ್ಲಿ ದಶಕಗಳಿಂದ ಹರಿಯುತ್ತಿದೆ. 2023ರ ಜನವರಿ 19ರಂದು ಪ್ರಧಾನಿ ಕೊಡೇಕಲ್‌ಗೆ ಬಂದು ಅದರ ಆಧುನೀಕರಣವನ್ನು ಉದ್ಘಾಟಿಸಿದರು. ಗೇಟುಗಳನ್ನು ಕಂಪ್ಯೂಟರಿನಿಂದ ನಡೆಸುವ ಸ್ಕಾಡಾ ವ್ಯವಸ್ಥೆಯೂ ಅಲ್ಲಿದೆ. ನೀರಿನಿಂದ ಏನೂ ಆಗಿಲ್ಲ ಎಂದರೆ ಸುಳ್ಳಾಗುತ್ತದೆ, ಕಣ್ಣು ಹಾಯಿಸಿದಲ್ಲೆಲ್ಲ ಹಸಿರಿದೆ. ಆದರೆ ಅದೇ ನೀರು, ಅದೇ ಎರೆಮಣ್ಣು ಇದ್ದೂ, ಬೆಳೆ ಒಬ್ಬನಿಗೊಂದು ಥರ, ಇನ್ನೊಬ್ಬನಿಗೊಂದು ಥರ. ಕರಾವಳಿ ಆಂಧ್ರದಿಂದ ಬಂದು ಕ್ಯಾಂಪು ಕಟ್ಟಿಕೊಂಡವರು ಗೋದಾವರಿ, ಕೃಷ್ಣಾ ಮುಖಜ ಭೂಮಿಯಲ್ಲಿ ತಲೆಮಾರುಗಳಿಂದ ಕಲಿತ ನೀರಿನ ಬೇಸಾಯವನ್ನು ಜೊತೆಗೆ ತಂದರು. ಅಲ್ಲಿ ದುಬಾರಿ ಭೂಮಿ ಮಾರಿದ ದುಡ್ಡನ್ನೂ ಬ್ಯಾಂಕಿನ ಜೊತೆ ವ್ಯವಹರಿಸುವ ರೂಢಿಯನ್ನೂ ತಂದರು. ಒಣಬೇಸಾಯ ಬಿಟ್ಟರೆ ಬೇರೆ ಕಂಡಿರದ ಇಲ್ಲಿನ ಎಷ್ಟೋ ಮನೆಗಳು ಹೊಲವನ್ನು ಅವರಿಗೆ ಲೀಸಿಗೆ ಕೊಟ್ಟು ಅದೇ ಹೊಲದಲ್ಲಿ ನಾಟಿಗೆ ಹೋದವು. ಕ್ಯಾಂಪಿನವರನ್ನು ದೂರಿ ಪ್ರಯೋಜನವಿಲ್ಲ. ತಿಳಿವಳಿಕೆ ಮೊದಲೇ ಇದ್ದವನ ಕಡೆಗೆ ಲಾಭ ಹೆಚ್ಚು ಹರಿಯಿತು, ಅಷ್ಟೇ. ಭೀಮರಾಯನಗುಡಿಯಲ್ಲಿ ಕೃಷಿ ಕಾಲೇಜಿದೆ. ಅಲ್ಲಿನ ತಿಳಿವಳಿಕೆ ಸುತ್ತಲಿನ ಕಾಲುವೆಯಂಚಿನ ಹೊಲಗಳಿಗೆ ನೀರಿನಷ್ಟು ಸಲೀಸಾಗಿ ಹರಿದಿಲ್ಲ.

ಕಾರ್ಖಾನೆಯ ಕಥೆ ಚಿಕ್ಕದು. ಯಾದಗಿರಿ ತಾಲ್ಲೂಕಿನ ಕಡೇಚೂರು–ಬಾಡಿಯಾಳದಲ್ಲಿ ಮೂರು ಸಾವಿರಕ್ಕೂ ಹೆಚ್ಚು ಎಕರೆ ಕೃಷಿಭೂಮಿ ಕೈಗಾರಿಕಾ ಪ್ರದೇಶಕ್ಕೆ ಹೋಯಿತು. ರೈಲ್ವೆ ಬೋಗಿಯ ಬಿಡಿಭಾಗಗಳ ಕಾರ್ಖಾನೆ ಬಂತು, ಔಷಧ ಮತ್ತು ರಾಸಾಯನಿಕ ಘಟಕಗಳು ಬಂದವು. ಊರಿನವರ ದೂರು ಎರಡು: ಗಾಳಿಯಲ್ಲಿ ಕೆಟ್ಟ ವಾಸನೆ, ಗೇಟಿನೊಳಗೆ ನಮ್ಮವರಿಗೆ ಒಳ್ಳೆಯ ಕೆಲಸವಿಲ್ಲ. ರಸಾಯನಶಾಸ್ತ್ರದ ಪದವಿ, ಡಿಪ್ಲೊಮಾ, ಐಟಿಐ ಕೇಳುವ ಕೆಲಸಕ್ಕೆ ಭೂಮಿ ಕೊಟ್ಟವನ ಮಗ ಅರ್ಹನಾಗಬೇಕಿದ್ದರೆ ಭೂಮಿ ನೋಟಿಸಿನ ದಿನವೇ ಅವನ ಓದಿನ ಯೋಜನೆಯೂ ಶುರುವಾಗಬೇಕಿತ್ತು. ಸ್ವಾಧೀನದ ಕಡತದಲ್ಲಿ ಪರಿಹಾರದ ಲೆಕ್ಕವಿರುತ್ತದೆ, ಹುಡುಗರ ಲೆಕ್ಕವಿರುವುದಿಲ್ಲ.

ಇಲ್ಲಿ ನನ್ನ ವಾದಕ್ಕೆ ಬರುವ ಅತಿ ಗಟ್ಟಿ ಆಕ್ಷೇಪವನ್ನು ಎದುರಿಸಬೇಕು. ಅದು ಅರ್ಥಶಾಸ್ತ್ರಜ್ಞರದಲ್ಲ, ಊರಿನ ಕಟ್ಟೆಯ ಮೇಲಿನದು: ಬಿ.ಎ. ಮಾಡಿದವನೂ ಕೊನೆಗೆ ಬೆಂಗಳೂರಿಗೆ ದುಡಿಯಲು ಹೋಗುತ್ತಾನೆ, ಮತ್ತೆ ಓದಿಸಿ ಏನು ಬಂತು? ಈ ಪ್ರಶ್ನೆ ಕೇಳುವ ಅಪ್ಪನನ್ನು ಅಜ್ಞಾನಿ ಎನ್ನುವುದು ಸೊಕ್ಕು. ಅವನು ಕಂಡದ್ದನ್ನು ಹೇಳುತ್ತಿದ್ದಾನೆ. ಓದಿಗೆ ತಕ್ಕ ಕೆಲಸ ಕಣ್ಣಿಗೆ ಬೀಳದ ಕಡೆ ಓದಿನ ಆಸೆ ಹುಟ್ಟುವುದಿಲ್ಲ, ನಿಜ. ರಾಬರ್ಟ್ ಜೆನ್ಸನ್ ಎಂಬ ಅರ್ಥಶಾಸ್ತ್ರಜ್ಞ ಉತ್ತರ ಭಾರತದ ಕೆಲವು ಹಳ್ಳಿಗಳಿಗೆ ಮೂರು ವರ್ಷ ಕಾಲ್‌ಸೆಂಟರ್ ಮಾದರಿಯ ಕಂಪನಿಗಳ ಪರವಾಗಿ ನೇಮಕಾತಿ ಮಾಡುವವರನ್ನು ಕಳಿಸಿ ನೋಡಿದರು. ಆ ಹಳ್ಳಿಗಳಲ್ಲಿ ಶಾಲೆಗೆ ಹೋಗುವ ಹುಡುಗಿಯರ ಸಂಖ್ಯೆ ಏರಿತು, ಯುವತಿಯರು ಮದುವೆಯನ್ನು ಮುಂದಕ್ಕೆ ಹಾಕಿದರು. ಹಾಗಾದರೆ ವ್ಯಾಪಾರ ಓದನ್ನು ಎಳೆಯಬಲ್ಲದು. ಆದರೆ ಓದು ಬೇಡುವ ಕೆಲಸ, ಅದೂ ಊರಿನ ಬಾಗಿಲಿಗೆ ಬಂದು ಇದು ನಿನಗೆ ಎಂದು ಹೆಸರು ಹಿಡಿದು ಕರೆದರೆ ಮಾತ್ರ. ಕಡೇಚೂರಿನ ಗೇಟು ಹಾಗೆ ಯಾರನ್ನೂ ಕರೆದಂತಿಲ್ಲ.

ಸರ್ಕಾರ ಏನೂ ಮಾಡಿಲ್ಲವೆಂದಲ್ಲ. 2002ರಲ್ಲೇ ನಂಜುಂಡಪ್ಪ ಸಮಿತಿ ಸುರಪುರ, ಶಹಾಪುರ, ಯಾದಗಿರಿ ಮೂರನ್ನೂ ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿಗೆ ಸೇರಿಸಿತು. 2009ರ ಡಿಸೆಂಬರಿನಲ್ಲಿ ಹೊಸ ಜಿಲ್ಲೆಯಾಯಿತು. ಈ ಭಾಗಕ್ಕೆ ವಿಶೇಷ ಸ್ಥಾನ ಕೊಡುವ 371(ಜೆ) ವಿಧಿ ಸಂವಿಧಾನಕ್ಕೆ ಬಂತು, ಮೀಸಲಾತಿ ಬಂತು, ಪ್ರದೇಶ ಅಭಿವೃದ್ಧಿ ಮಂಡಳಿಗೆ ಸಾವಿರಾರು ಕೋಟಿ ಬಂತು, ‘ಅಕ್ಷರ ಆವಿಷ್ಕಾರ’ ಎಂಬ ಕಾರ್ಯಕ್ರಮವೂ ಬಂತು. ಮೀಸಲಾತಿಯ ಫಲ ಉಣ್ಣುವವನು ಮೊದಲು ಪಿಯುಸಿ ದಾಟಬೇಕಷ್ಟೆ. 2025ರ ದ್ವಿತೀಯ ಪಿಯುಸಿಯಲ್ಲಿ ಯಾದಗಿರಿಯ ಫಲಿತಾಂಶ ಶೇ 48.45, ರಾಜ್ಯಕ್ಕೇ ಕೊನೆ. ಮೊದಲ ಸ್ಥಾನದ ಉಡುಪಿಯದು ಶೇ 93.90. ಅದರ ಹಿಂದಿನ ವರ್ಷ, ಪರೀಕ್ಷಾ ಕೋಣೆಗಳಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಶುರುವಾದಾಗ, ಎಸ್ಸೆಸ್ಸೆಲ್ಸಿಯಲ್ಲಿ ಜಿಲ್ಲೆಗೆ ಬಂದದ್ದು ಶೇ 50.59. ಅದಕ್ಕೂ ಮುಂಚಿನ ಚೆಂದದ ಅಂಕಿಗಳಲ್ಲಿ ಎಷ್ಟು ಓದಿನವು, ಎಷ್ಟು ಕಿಟಕಿಯಿಂದ ಬಂದ ಚೀಟಿಯವು ಎಂಬುದನ್ನು ಆ ಕ್ಯಾಮೆರಾ ಹೇಳಿತು. ಕ್ಯಾಮೆರಾ ಇಟ್ಟವರಿಗೆ ನಾನು ಕೃತಜ್ಞ.

ಹಣ ಎಲ್ಲಿ ಹೋಗುತ್ತದೆ ಎಂದರೆ ಕೋಣೆಗೆ. ಕೋಣೆ ಕಟ್ಟಿದರೆ ಗುತ್ತಿಗೆದಾರನಿಗೆ ಬಿಲ್ಲು, ಶಾಸಕರಿಗೆ ಉದ್ಘಾಟನೆ. ಶಿಕ್ಷಕರ ಹುದ್ದೆ ತುಂಬಿದರೆ ಇವೆರಡೂ ಇಲ್ಲ. ಖಾಲಿ ಹುದ್ದೆಯ ಜಾಗದಲ್ಲಿ ಅತಿಥಿ ಶಿಕ್ಷಕರು, ಅವರಿಗೆ ತಿಂಗಳುಗಟ್ಟಲೆ ತಡವಾಗಿ ಸಂಬಳ. ಹತ್ತಿ ಹಂಗಾಮಿಗೆ ಬೇಕಾದದ್ದು ಇನ್ನೂ ಸಣ್ಣ ಸಂಗತಿಗಳು, ಮತ್ತು ಅವು ಯಾವುವೂ ಹೊಸ ಶೋಧಗಳಲ್ಲ. ಗುಳೆ ಹೋಗುವವರ ಮಕ್ಕಳಿಗೆ ಹಂಗಾಮಿ ವಸತಿ ಶಾಲೆ ನಡೆಸುವ ಯೋಜನೆ ಹಿಂದಿನಿಂದಲೂ ಇದೆ. ಅದು ಕಾಯಿ ಒಡೆಯುವ ಮುಂಚೆ, ಸೆಪ್ಟೆಂಬರಿನಲ್ಲೇ ಅಡುಗೆಯವರ ಸಮೇತ ಸಿದ್ಧವಿರಬೇಕು. ಬಸ್ಸು ಹತ್ತಿ ಹೋದ ಮಗುವಿನ ಹೆಸರಿನಲ್ಲಿ ಡಿಸೆಂಬರಿನಲ್ಲಿ ಮಂಜೂರಾತಿ ಬಂದರೆ ಅದು ಕಡತಕ್ಕಷ್ಟೇ ಪ್ರಯೋಜನ. ಗ್ರಾಮ ಪಂಚಾಯಿತಿಗಳಲ್ಲಿ ತೆರೆದಿರುವ ‘ಕೂಸಿನ ಮನೆ’ ಶಿಶುಪಾಲನಾ ಕೇಂದ್ರ ಹತ್ತಿ ಬಿಡಿಸಲು ಹೊರಡುವ ಹೊತ್ತಿಗೆ, ಅಂದರೆ ಬೆಳಕು ಹರಿಯುತ್ತಲೇ ಬಾಗಿಲು ತೆಗೆದರೆ ಅಕ್ಕ ಶಾಲೆಗೆ ಹೋಗುತ್ತಾಳೆ. ಹತ್ತು ಗಂಟೆಗೆ ತೆಗೆದರೆ ಹೋಗುವುದಿಲ್ಲ. ಶುಚಿ ಬಿಡಿಗೆ ಕೆಜಿಗೆ ಇಷ್ಟು ಹೆಚ್ಚು ಎಂದು ಜಿನ್ನಿಂಗ್ ಮಿಲ್ಲಿನವರು ನೇರ ಬಿಡಿಸುವವರ ಕೈಗೆ ಕೊಡುವಂತೆ ‘ಕಸ್ತೂರಿ’ಯ ನಿಯಮದಲ್ಲೇ ಬರೆಯಬಹುದು. ತೇವಾಂಶ ಅಳೆಯುವ ಮೀಟರನ್ನು ಪಂಚಾಯಿತಿ ಕಚೇರಿಯಲ್ಲಿಟ್ಟು, ಅದನ್ನು ಓದುವುದನ್ನು ಒಂಬತ್ತನೇ ತರಗತಿಯ ವಿಜ್ಞಾನ ಪಾಠಕ್ಕೆ ಸೇರಿಸಿದರೆ ಅಪ್ಪನಿಗೂ ಮಗಳ ಓದಿನ ಉಪಯೋಗ ಸುಗ್ಗಿಯಲ್ಲೇ ಕಾಣುತ್ತದೆ.

ಮಕ್ಕಳನ್ನು ಹೊಲದಿಂದ ತೆಗೆದರೆ ಬಿಡಿಸುವ ಖರ್ಚು ಏರುತ್ತದೆ, ಹೊರಗಿನ ಹತ್ತಿಯ ಮುಂದೆ ನಮ್ಮದು ಸೋಲುತ್ತದೆ ಎಂದು ಕೊನೆಯದಾಗಿ ಹೇಳುವವರಿದ್ದಾರೆ. ಅವರು ಇಳುವರಿಯ ಲೆಕ್ಕ ನೋಡಲಿ. ಭಾರತದಲ್ಲಿ ಹೆಕ್ಟೇರಿಗೆ ಸರಾಸರಿ 450 ಕೆಜಿ ಆಸುಪಾಸು ಅರಳೆ. ಬ್ರೆಜಿಲಿನಲ್ಲಿ ಅದರ ನಾಲ್ಕು ಪಟ್ಟು ಹತ್ತಿರ. ಅವರು ಗೆಲ್ಲುತ್ತಿರುವುದು ಬೀಜ, ಯಂತ್ರ, ಮಣ್ಣಿನ ಪರೀಕ್ಷೆ, ಹುಳುವಿನ ನಿರ್ವಹಣೆಯಲ್ಲಿ. ನಮ್ಮಲ್ಲಿ ಗುಲಾಬಿ ಕಾಯಿಕೊರಕ ಬಿಟಿ ಹತ್ತಿಯನ್ನೂ ಜೀರ್ಣಿಸಿಕೊಂಡಿದೆ. ಅದನ್ನು ತಡೆಯಲು ಮೋಹಕ ಬಲೆಯಲ್ಲಿ ಬಿದ್ದ ಪತಂಗಗಳನ್ನು ಎಣಿಸಿ, ಬರೆದಿಟ್ಟು, ಔಷಧಿಯ ಡಬ್ಬಿಯ ಮೇಲಿನ ಅಕ್ಷರ ಓದಿ, ಸಕಾಲಕ್ಕೆ ಹೊಲ ತೆರವು ಮಾಡಬೇಕು. ಹತ್ತು ವರ್ಷದ ಹುಡುಗಿಯ ದಿನಗೂಲಿಯಲ್ಲಿ ಉಳಿಸಿದ ಹಣದಿಂದ ಆ ನಾಲ್ಕು ಪಟ್ಟು ಅಂತರ ತುಂಬುವುದಿಲ್ಲ. ಬಂಡವಾಳ ಹೂಡುವವರನ್ನು ಕರೆಯಲು ಅಚ್ಚು ಹಾಕಿಸುವ ಕೈಪಿಡಿಗಳಲ್ಲಿ ಕಡಿಮೆ ವೆಚ್ಚದ ಕಾರ್ಮಿಕರು ಲಭ್ಯ ಎಂದು ಹೆಮ್ಮೆಯಿಂದ ಬರೆಯುವುದನ್ನಾದರೂ ಸರ್ಕಾರ ಈ ವರ್ಷ ಕೈಬಿಡಲಿ.